ಎರಡು ತಿಂಗಳು ತಡವಾಗಿ ಬಂದ ಸ್ವಾತಂತ್ರ್ಯ, ಮೂರು ದಿನಕ್ಕೆ ಬರುವ ಮಕ್ಕಳು

1947ರ ಆಗಸ್ಟ್ 15 ಶುಕ್ರವಾರ. ದೆಹಲಿಯಲ್ಲಿ ಅಧಿಕಾರ ಕೈ ಬದಲಾಯಿತು. ಮೈಸೂರಿನಲ್ಲಿ ಬದಲಾಗಲಿಲ್ಲ. ಮಹಾರಾಜ ಜಯಚಾಮರಾಜ ಒಡೆಯರಿಗೆ ಆಗ 28 ವರ್ಷ. ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಅವರು ಆಗಸ್ಟ್ 9ರಂದೇ ಸಹಿ ಹಾಕಿದ್ದರು. ಆದರೆ ಆ ಪತ್ರ ದೆಹಲಿಗೆ ಬಿಟ್ಟುಕೊಟ್ಟದ್ದು ರಕ್ಷಣೆ, ವಿದೇಶಾಂಗ, ಸಂಪರ್ಕ ಈ ಮೂರನ್ನು ಮಾತ್ರ. ಉಳಿದ ಆಡಳಿತವೆಲ್ಲ ಅರಮನೆಯದು, ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರದು. ಬ್ರಿಟಿಷರು ಹೋದರು ಸರಿ, ನಮ್ಮ ಸರ್ಕಾರ ಎಲ್ಲಿ ಎಂದು ಕೇಳುವ ಸರದಿ ಮೈಸೂರಿನವರದಾಯಿತು.

ಕೇಳಿದ್ದು ಬೀದಿಯಲ್ಲಿ. ಸೆಪ್ಟೆಂಬರ್ 1ರಿಂದ 'ಮೈಸೂರು ಚಲೋ' ಶುರುವಾಯಿತು. ಮೈಸೂರು ಕಾಂಗ್ರೆಸ್ಸಿನ ಬೇಡಿಕೆ ಒಂದೇ, ಜವಾಬ್ದಾರಿ ಸರ್ಕಾರ. ಕೆ.ಸಿ. ರೆಡ್ಡಿ ಮತ್ತಿತರ ನಾಯಕರು ಜೈಲು ಸೇರಿದರು, ಶಾಲೆ ಕಾಲೇಜುಗಳು ಖಾಲಿಯಾದವು. 'ಆರ್ಕಾಟ್ ಬಾಯ್ಕಾಟ್' ಎಂಬ ಪ್ರಾಸದ ಘೋಷಣೆ ಊರೂರಲ್ಲಿ ಕೇಳಿಸಿತು. ಅದರ ಮುಂದಿನ ತುಂಡು ಇನ್ನೂ ಖಾರವಾಗಿತ್ತು, ಇರಲಿ. ಎಚ್.ಎಸ್. ದೊರೆಸ್ವಾಮಿ ನಡೆಸುತ್ತಿದ್ದ 'ಪೌರವಾಣಿ' ಪತ್ರಿಕೆ ಸೆನ್ಸಾರ್ ಕಾಟ ತಪ್ಪಿಸಿಕೊಳ್ಳಲು ಸಂಸ್ಥಾನದ ಗಡಿಯಾಚೆ ಹಿಂದೂಪುರಕ್ಕೆ ಹೋಗಿ ಅಚ್ಚಾಯಿತು. ಸ್ವತಂತ್ರ ಭಾರತದ ಒಳಗೇ ಒಂದು ಕನ್ನಡ ಪತ್ರಿಕೆ ಹೀಗೆ ಗಡಿ ದಾಟಿ ತಲೆಮರೆಸಿಕೊಂಡಿತ್ತು ಎಂದರೆ ಇಂದಿನ ಹುಡುಗರು ನಂಬುವುದು ಕಷ್ಟ.

ಮೈಸೂರು ನಗರದಲ್ಲಿ ಐದು ದೀಪದ ಸರ್ಕಲ್ ಎಂದು ಕರೆಯುತ್ತಿದ್ದ ಕಡೆ ಆ ಸೆಪ್ಟೆಂಬರಿನಲ್ಲಿ ಗುಂಡು ಹಾರಿತು. ರಾಮಸ್ವಾಮಿ ಎಂಬ ವಿದ್ಯಾರ್ಥಿ ಸತ್ತ. ಚಾಮರಾಜ ಜೋಡಿರಸ್ತೆಯ ಆ ಜಾಗ ಈಗ ರಾಮಸ್ವಾಮಿ ಸರ್ಕಲ್. ದಿನಕ್ಕೆ ಎಷ್ಟು ಸಾವಿರ ಜನ ಅಲ್ಲಿ ಬಸ್ಸು ಹತ್ತಿ ಇಳಿಯುತ್ತಾರೋ. ಅವರಲ್ಲಿ ಬಹುಪಾಲು ಮಂದಿಗೆ ಅದು ಯಾವುದೋ ದೊಡ್ಡ ಅಧಿಕಾರಿಯ ಹೆಸರು ಇರಬೇಕು ಎಂಬ ಅಂದಾಜು. ದಿವಾನರ ಹೆಸರಲ್ಲೂ ರಾಮಸ್ವಾಮಿ ಇದ್ದದ್ದು ಈ ಗೊಂದಲಕ್ಕೆ ಇನ್ನಷ್ಟು ಸಹಾಯ ಮಾಡಿದೆ. ಊರು ನೆನಪಿಟ್ಟುಕೊಂಡದ್ದು ಹುಡುಗನನ್ನು. ಅಕ್ಟೋಬರ್ ನಡುವಿಗೆ ಅರಮನೆ ಒಪ್ಪಿತು, ತಿಂಗಳ ಕೊನೆಯ ವಾರದಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಮೈಸೂರಿಗೆ ಸ್ವಾತಂತ್ರ್ಯ ಎರಡು ತಿಂಗಳು ಚಿಲ್ಲರೆ ತಡವಾಗಿ ತಲುಪಿದ್ದು ಹೀಗೆ.

ಅವತ್ತು ಮೆರವಣಿಗೆಯ ಹಿಂದೆ ಓಡಿದ ಹತ್ತು ವರ್ಷದ ಹುಡುಗನಿಗೆ 2025ರಲ್ಲಿ 88. ಕಾಲೇಜು ಬಿಟ್ಟು ಬಂದ ಹದಿನೇಳರ ಹುಡುಗ ಬದುಕಿದ್ದರೆ 95. ಒಂಟಿಕೊಪ್ಪಲು, ಸರಸ್ವತಿಪುರಂ, ಚಾಮುಂಡಿಪುರಂ, ಅಗ್ರಹಾರದ ಹಳೆಯ ಮನೆಗಳಲ್ಲಿ ಈ ತಲೆಮಾರಿನ ಕೊನೆಯವರು ಇನ್ನೂ ಇದ್ದಾರೆ. ಸಂಜೆ ಜಗಲಿಯ ಮೇಲೆ ಕೂತಿರುತ್ತಾರೆ, ಕಿವಿಗೆ ಯಂತ್ರ ಹಾಕಿಸಿಕೊಂಡಿರುತ್ತಾರೆ. ಯಂತ್ರ ಹೆಚ್ಚಿನ ಹೊತ್ತು ಬೀರುವಿನಲ್ಲಿರುತ್ತದೆ ಎಂಬುದು ಬೇರೆ ಮಾತು.

ಸರ್ಕಾರಕ್ಕೆ ಇವರ ನೆನಪು ಬರುವ ತಿಂಗಳು ಆಗಸ್ಟ್. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ 1972ರಲ್ಲಿ ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿ ಯೋಜನೆ ತಂದಿತು, 1980ರಲ್ಲಿ ಅದನ್ನು ವಿಸ್ತರಿಸಿ 'ಸಮ್ಮಾನ'ದ ಹೆಸರು ಕೊಟ್ಟಿತು. 'ಭಾರತ ಬಿಟ್ಟು ತೊಲಗಿ' ಚಳವಳಿಯ ದಿನವಾದ ಆಗಸ್ಟ್ 9ರಂದು ರಾಷ್ಟ್ರಪತಿ ಭವನಕ್ಕೆ ಕೆಲವರನ್ನು ಕರೆದು ಸತ್ಕರಿಸುವ ರೂಢಿಯೂ ಇದೆ. 2020ರಲ್ಲಿ ಕೊರೋನಾ ಬಂದು ಕರೆಯುವುದಕ್ಕಾಗದೆ, ರಾಷ್ಟ್ರಪತಿಗಳ ಪರವಾಗಿ ಜಿಲ್ಲೆಯ ಅಧಿಕಾರಿಗಳೇ ಹೋರಾಟಗಾರರ ಮನೆಬಾಗಿಲಿಗೆ ಹೋಗಿ ಶಾಲು ಹೊದಿಸಿ ಬಂದರು. ತೊಂಬತ್ತೈದರ ಮುದುಕರನ್ನು ವಿಮಾನ ಹತ್ತಿಸುವುದಕ್ಕಿಂತ ಇದೇ ಸರಿಯಾದ ಕ್ರಮವೆಂದು ಹೊಳೆಯಲು ಒಂದು ಸಾಂಕ್ರಾಮಿಕ ರೋಗ ಬೇಕಾಯಿತು.

ಆದರೆ ಆ ಭೇಟಿಗಳ ಅವಧಿ ಹೆಚ್ಚೆಂದರೆ ಕಾಲು ಗಂಟೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಫೋಟೊ. ಹಿರಿಯರು ಏನೋ ಹೇಳಲು ಬಾಯಿ ತೆರೆಯುವ ಹೊತ್ತಿಗೆ ಜೀಪು ಸ್ಟಾರ್ಟ್ ಆಗಿರುತ್ತದೆ.

ಎಲ್ಲರೂ ಜಗಲಿಯಲ್ಲಿ ಕೂತು ಮುದುಕರಾದರು ಎಂದಲ್ಲ. 1918ರಲ್ಲಿ ಹುಟ್ಟಿದ ದೊರೆಸ್ವಾಮಿ ನೂರು ದಾಟಿದ ಮೇಲೂ ಭೂಗಳ್ಳರ ವಿರುದ್ಧ, ಆಳುವವರ ವಿರುದ್ಧ ಧರಣಿ ಕೂರುತ್ತಿದ್ದರು. 2021ರ ಮೇ ತಿಂಗಳಲ್ಲಿ 103ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಯಾರಾದರೂ 'ಇನ್ನು ಸಾಕು, ಮನೆಯಲ್ಲಿ ಆರಾಮಾಗಿರಿ' ಎಂದು ಒಪ್ಪಿಸಬಹುದಿತ್ತೇ? ಉಳಿದವರ ಮನೆಗಳಲ್ಲಿ ಮಾತ್ರ ಈ ಮಾತು ಆಗಸ್ಟಿನಲ್ಲಿ ತಪ್ಪದೆ ಕೇಳುತ್ತದೆ. ಹೇಳುವವರು ರಜೆಗೆಂದು ಬರುವ ಮಕ್ಕಳು.

2025ರಲ್ಲೂ ಆಗಸ್ಟ್ 15 ಶುಕ್ರವಾರವೇ ಬಂತು. ಶುಕ್ರವಾರ ಸ್ವಾತಂತ್ರ್ಯ ದಿನ, ಶನಿವಾರ ಕೃಷ್ಣ ಜನ್ಮಾಷ್ಟಮಿ, ಮೇಲೊಂದು ಭಾನುವಾರ. ಬೆಂಗಳೂರಿನಿಂದ ಮೈಸೂರಿಗೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಇದೆ. ಚಾಮುಂಡಿ, ಒಡೆಯರ್ ಎಕ್ಸ್‌ಪ್ರೆಸ್ ಜೊತೆಗೆ 2022ರ ನವೆಂಬರಿನಿಂದ ವಂದೇ ಭಾರತ್ ಕೂಡ ಓಡುತ್ತಿದೆ. ಹಿಂದೆ ನಾಲ್ಕು ಗಂಟೆ ಹಿಡಿಯುತ್ತಿದ್ದ ದಾರಿ ಈಗ ಎರಡಕ್ಕೆ ಇಳಿದಿದೆ. ರಜೆಯ ದಿನ ಉಳಿಸಿದ ಅಷ್ಟೂ ಹೊತ್ತನ್ನು ಊರಿನ ಹೊಸ್ತಿಲಲ್ಲೇ ಸಿಗ್ನಲ್ಲಿನ ಮುಂದೆ ಕಳೆಯಬೇಕು. ದಸರೆಯ ಆನೆಗಳೂ ಅದೇ ತಿಂಗಳು ಕಾಡಿನಿಂದ ಊರಿಗೆ ಬರುತ್ತವೆ. ಬಂದ ಮೊಮ್ಮಕ್ಕಳಿಗೆ ಅಜ್ಜಿಗಿಂತ ಆನೆಯ ಮೇಲೆಯೇ ಹೆಚ್ಚು ಆಸೆ ಇದ್ದರೆ ಅದಕ್ಕೆ ಅಜ್ಜಿಯ ತಕರಾರೇನೂ ಇರುವುದಿಲ್ಲ.

ಈ ಮೂರು ದಿನ ಮನೆಯೊಳಗೆ ಏನಾಗುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲ ದಿನ ಊಟ. ಅಮ್ಮ ಎರಡು ದಿನದಿಂದ ಕೋಡುಬಳೆ, ಚಕ್ಕುಲಿ ಕರಿದಿರುತ್ತಾರೆ, ಮಂಡಿ ನೋವನ್ನು ಮಗಳ ಮುಂದೆ ತೋರಿಸಿಕೊಳ್ಳುವುದಿಲ್ಲ. ಎರಡನೆಯ ದಿನ ತಪಾಸಣೆ. ಮಗ ಫ್ರಿಜ್ಜಿನ ಬಾಗಿಲು ತೆರೆದು ಮೂರು ದಿನದ ಹಳೆಯ ಹುಳಿ ಕಂಡು ಸಿಡುಕುತ್ತಾನೆ. ಮಾತ್ರೆ ಡಬ್ಬಿಯಲ್ಲಿ ಮಂಗಳವಾರದ ಗೂಡು ತುಂಬಿಯೇ ಇರುತ್ತದೆ, ಅಂದರೆ ಅಪ್ಪ ಬಿಪಿ ಮಾತ್ರೆ ತೆಗೆದುಕೊಂಡಿಲ್ಲ. ಗ್ಯಾಸ್ ಪೈಪು ಯಾವ ಕಾಲದ್ದು, ಬ್ಯಾಂಕಿನ ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದವರು ಯಾರು, ಬಚ್ಚಲಲ್ಲಿ ಈ ನುಣುಪು ಕಲ್ಲು ಯಾಕೆ? ಪ್ರಶ್ನೆಗಳೆಲ್ಲ ನ್ಯಾಯವಾದವೇ. ಕೇಳುವ ಧಾಟಿ ಮಾತ್ರ ಶಾಲಾ ಇನ್‌ಸ್ಪೆಕ್ಟರರದು, ಉತ್ತರ ಕೊಡುತ್ತಿರುವವರು ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಮೂರನೆಯ ದಿನ ತೀರ್ಪು. 'ಅಪ್ಪ, ಈ ಮನೆ ಬಾಡಿಗೆಗೆ ಕೊಟ್ಟು ನಮ್ಮ ಜೊತೆಗೇ ಬಂದುಬಿಡಿ. ಅಪಾರ್ಟ್‌ಮೆಂಟಲ್ಲಿ ಲಿಫ್ಟ್ ಇದೆ.' 'ಆಯ್ತು, ದಸರಾ ಕಳೀಲಿ ನೋಡೋಣ.'

ಇದೇ ಉತ್ತರ ಎಷ್ಟೋ ದಸರೆಗಳಿಂದ ನಡೆದುಬಂದಿದೆ. ಅದು ಹಟವೆಂದು ಮಕ್ಕಳಿಗೆ ಅನ್ನಿಸುತ್ತದೆ, ಹಟವೂ ಸ್ವಲ್ಪ ಇದೆ. ಆದರೆ ಹದಿನಾಲ್ಕನೆಯ ಮಹಡಿಯಲ್ಲಿ ಲಿಫ್ಟ್ ಇದ್ದರೂ ಇಳಿದು ಹೋಗಲು ಅಪ್ಪನಿಗೆ ಜಾಗವಿಲ್ಲ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿ ಇದೆ, ಅಲ್ಲಿ ದಿನಾ ಸಿಗುವ ನಾಲ್ವರು ಇದ್ದಾರೆ, ಸಾಲ ಬರೆದಿಟ್ಟುಕೊಂಡು ಮಾತ್ರೆ ಕೊಡುವ ಮೆಡಿಕಲ್ ಶಾಪಿನವನು ಇದ್ದಾನೆ. ಪಿಂಚಣಿದಾರರ ಸ್ವರ್ಗ ಎಂದು ಹೊರಗಿನವರು ಈ ಊರಿಗೆ ಹೆಸರಿಟ್ಟದ್ದು ತಂಪು ಗಾಳಿ, ಸಾಲುಮರ ನೋಡಿ. ಒಳಗಿನವರನ್ನು ಇಲ್ಲಿ ಹಿಡಿದಿಟ್ಟದ್ದು ಇಂಥ ಸಣ್ಣಪುಟ್ಟ ಪರಿಚಯಗಳೇ.

ಮೈಸೂರಿನ ಇಬ್ಬರು ದೊಡ್ಡ ಲೇಖಕರ ಮುಪ್ಪು, ಊರಿನಲ್ಲೇ ಇರುವುದೋ ಹೋಗುವುದೋ ಎಂಬ ಪ್ರಶ್ನೆಗೆ ಎರಡು ಉತ್ತರಗಳಂತಿದೆ. ಕುವೆಂಪು ಒಂಟಿಕೊಪ್ಪಲಿನ 'ಉದಯರವಿ'ಯಲ್ಲೇ ಕೊನೆಯವರೆಗೆ ಇದ್ದರು. 1994ರ ನವೆಂಬರ್ 11ರಂದು, 90 ತುಂಬಲು ಎರಡು ತಿಂಗಳೂ ಇಲ್ಲದಿದ್ದಾಗ ತೀರಿಕೊಂಡರು. ಮಗಳು ತಾರಿಣಿ, ಅಳಿಯ ಚಿದಾನಂದ ಗೌಡ ಜೊತೆಗಿದ್ದರು. ಹಿರಿಯ ಮಗ ತೇಜಸ್ವಿ ಮೂಡಿಗೆರೆಯ ತೋಟದಿಂದ ಬಂದು ಹೋಗುವವರು. ಆ ಬಾಂಧವ್ಯದ ಪುಸ್ತಕ 'ಅಣ್ಣನ ನೆನಪು' ಕನ್ನಡಿಗರ ಮನೆಮನೆಯಲ್ಲಿದೆ. ಅದೇ ಊರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಆಸೆಪಟ್ಟು ಮನೆ ಕಟ್ಟಿಸಿದ್ದರು. ಮಹಡಿಯ ಮೇಲೆ ಕಿಟಕಿಗಳಿಂದ ಸುತ್ತುವರಿದ ಬರೆಯುವ ಕೋಣೆ ಇತ್ತು. ವಯಸ್ಸಾಗಿ ಆರೋಗ್ಯ ಕೈಕೊಟ್ಟ ಮೇಲೆ, 1990ರ ದಶಕದ ಆರಂಭದಲ್ಲಿ, ಅವರು ಚೆನ್ನೈಗೆ ಕುಟುಂಬದ ಬಳಿಗೆ ಹೋದರು. 2001ರಲ್ಲಿ ಅಲ್ಲೇ ತೀರಿಕೊಂಡರು. ಮೈಸೂರಿನ ಮನೆ ಪಾಳುಬಿದ್ದು, ಕೆಡವುವ ಹಂತ ತಲುಪಿ, ಜನ ಗಲಾಟೆ ಮಾಡಿದ ಮೇಲೆ ಉಳಿದು, 2016ರಲ್ಲಿ ಮ್ಯೂಸಿಯಂ ಆಯಿತು. ಈಗ ಅಲ್ಲಿಗೆ ಪ್ರವಾಸಿಗರು ಹೋಗಿ ಆ ಕಿಟಕಿಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಯಾರು ಮಾಡಿದ್ದು ಸರಿ? ಇಬ್ಬರದೂ ಸರಿಯೇ. ಒಬ್ಬರ ಮನೆಯಲ್ಲಿ ಮಗಳು ಅಳಿಯ ಇದ್ದರು, ಇನ್ನೊಬ್ಬರ ಮನೆಯಲ್ಲಿ ಯಾರೂ ಇರಲಿಲ್ಲ ಎಂಬ ವ್ಯತ್ಯಾಸವನ್ನು ಮರೆತು ಯಾರೂ ಯಾರಿಗೂ ಬುದ್ಧಿ ಹೇಳಬಾರದು.

ಈ ವ್ಯತ್ಯಾಸದ ಲೆಕ್ಕವೂ ಇದೆ. 2011ರ ಜನಗಣತಿಯಲ್ಲಿ ದೇಶದ ನೂರು ಜನರಲ್ಲಿ 8.6 ಮಂದಿ 60 ದಾಟಿದವರು, ಕರ್ನಾಟಕದಲ್ಲಿ ಅದು 9.5. ವೃದ್ಧಾಪ್ಯದ ಬಗ್ಗೆ 2017–18ರಲ್ಲಿ ದೇಶದಾದ್ಯಂತ ನಡೆದ ದೊಡ್ಡ ಸಮೀಕ್ಷೆಯ ಪ್ರಕಾರ, 60 ದಾಟಿದ ನೂರು ಜನರಲ್ಲಿ ಸುಮಾರು ಆರು ಮಂದಿ ಒಬ್ಬಂಟಿಗಳು, ಸುಮಾರು ಇಪ್ಪತ್ತು ಮಂದಿ ಗಂಡ ಹೆಂಡತಿ ಇಬ್ಬರೇ ಇರುವವರು. ಬಹುಪಾಲು ಹಿರಿಯರು ಈಗಲೂ ಮಕ್ಕಳ ಜೊತೆಗೇ ಇದ್ದಾರೆ ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ಒಂಟಿ ಮುದುಕರ ಕತೆ ಪತ್ರಿಕೆಗಳಲ್ಲಿ ಹೆಚ್ಚು ಬರುತ್ತದೆ, ಅಷ್ಟೇ.

ಇನ್ನು ಪಿಂಚಣಿದಾರರ ಸ್ವರ್ಗದಲ್ಲಿ ಎಲ್ಲರಿಗೂ ಒಂದೇ ಪಿಂಚಣಿ ಇಲ್ಲ. ರೈಲ್ವೆ ವರ್ಕ್‌ಶಾಪಿನಿಂದಲೋ ಸಿಎಫ್‌ಟಿಆರ್‌ಐನಿಂದಲೋ ನಿವೃತ್ತರಾದ ಕೇಂದ್ರ ನೌಕರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚುವರಿ ಸಿಗುತ್ತದೆ, ಆಮೇಲೆ ಐದೈದು ವರ್ಷಕ್ಕೆ ಏರುತ್ತಾ ಹೋಗಿ ನೂರು ತುಂಬಿದರೆ ಮೂಲ ಪಿಂಚಣಿ ಇಮ್ಮಡಿಯಾಗುತ್ತದೆ. ಅದೇ ರಸ್ತೆಯ ಮೂಲೆಯಲ್ಲಿ ಮಲ್ಲಿಗೆ ಕಟ್ಟಿ ಮಾರುವ ಅಜ್ಜಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ಬರುವುದು 1,200 ರೂಪಾಯಿ. ಸ್ವತಂತ್ರವಾಗಿ ಬದುಕುವುದು ಎಂಬ ಮಾತು ಈ ಇಬ್ಬರ ಬಾಯಲ್ಲಿ ಒಂದೇ ಅರ್ಥ ಕೊಡಲಾರದು. ಆ ನಿವೃತ್ತ ನೌಕರರು ಮಗನ ಮನೆಗೆ ಹೋಗಲು ಒಲ್ಲೆ ಎನ್ನಬಲ್ಲರು. ಆ ಅಜ್ಜಿಯ ಮಗ ಕರೆದೇ ಇರುವುದಿಲ್ಲ, ಅಥವಾ ಅವನಿಗೇ ಒಂದು ಕೋಣೆಯ ಮನೆ.

ಕೈಬಿಟ್ಟ ಮಕ್ಕಳನ್ನು ಕೇಳಲು ಕಾನೂನು ಇದೆ. 2007ರ ತಂದೆ ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ ಪ್ರಕಾರ ಹಿರಿಯರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಮನೆ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಅಂಥ ಸಂದರ್ಭದಲ್ಲಿ ಮನೆ ಖಾಲಿ ಮಾಡಿಸುವ ಅಧಿಕಾರವೂ ನ್ಯಾಯಮಂಡಳಿಗೆ ಇದೆ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹೆತ್ತ ಮಗನ ಮೇಲೆ ಉಪವಿಭಾಗಾಧಿಕಾರಿಯ ಆಫೀಸಿನಲ್ಲಿ ಅರ್ಜಿ ಕೊಡಲು ಎಷ್ಟು ತಾಯಂದಿರ ಕೈ ಏಳುತ್ತದೆ?

ಬೆಂಗಳೂರಿನ ಮಕ್ಕಳದು ಮೂರು ದಿನವಾದರೆ ಅಮೆರಿಕದ ಮಕ್ಕಳದು ಮೂರು ವಾರ, ಅದೂ ಡಿಸೆಂಬರಿನಲ್ಲಿ. ಅಲ್ಲೊಂದು ವಿಚಿತ್ರವಿದೆ. 'ಆರ್ಕಾಟ್ ಬಾಯ್ಕಾಟ್' ಎಂದು ಕೂಗಿದವರ ಮೊಮ್ಮಕ್ಕಳಲ್ಲಿ ಅನೇಕರು ಈಗ ಬೇರೆ ದೇಶದ ಪ್ರಜೆಗಳು. ಭಾರತದಲ್ಲಿ ಎರಡು ದೇಶದ ಪೌರತ್ವ ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ಪಾಸ್‌ಪೋರ್ಟ್ ಬದಲಾದವರು ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡು ಹಿಡಿದು ಅಜ್ಜನ ಮನೆಗೆ ಬರುತ್ತಾರೆ. ಅಜ್ಜನಿಗೆ ಇದರಿಂದ ನೋವಾಗುತ್ತದೆ ಎಂದು ಊಹಿಸಿ ಕಣ್ಣೀರು ಸುರಿಸುವ ಅಗತ್ಯವಿಲ್ಲ. ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ಆರು ತಿಂಗಳು ಅಲ್ಲಿದ್ದು, ಹಿಮ ನೋಡಿ, ಕಾರಿಲ್ಲದೆ ಹಾಲು ತರಲೂ ಹೋಗಲಾಗದೆ ಚಡಪಡಿಸಿ ಬಂದವರು ಅವರು. ಯಾರು ಎಲ್ಲಿ ಸ್ವತಂತ್ರರಾಗಿರಬಲ್ಲರು ಎಂಬುದರಲ್ಲಿ ಅವರಿಗೆ ಭ್ರಮೆಗಳಿಲ್ಲ.

ಉಳಿದ 362 ದಿನಗಳನ್ನು ನಡೆಸುವವರು ಬೇರೆ. ಕೆಲಸಕ್ಕೆ ಬರುವ ಹೆಂಗಸು, ಗುರುತಿನ ಆಟೊದವನು, ಪಕ್ಕದ ಮನೆಯವರು. ಗೇಟಿಗೆ ಸಿಕ್ಕಿಸಿದ ನಂದಿನಿ ಹಾಲಿನ ಪ್ಯಾಕೆಟ್ಟು ಎಂಟು ಗಂಟೆಯಾದರೂ ಅಲ್ಲೇ ಇದ್ದರೆ ಪಕ್ಕದ ಮನೆಯವರು ಬೆಲ್ ಒತ್ತುತ್ತಾರೆ. ಇನ್ನೊಂದು ಬೀಗದ ಕೈ ಅವರ ಮನೆಯ ಮೊಳೆಯಲ್ಲಿರುತ್ತದೆ. ಮೂರು ದಿನಕ್ಕೆ ಬಂದ ಮಕ್ಕಳಲ್ಲಿ ಬುದ್ಧಿವಂತರು ತೀರ್ಪು ಕೊಡುವ ಬದಲು ಈ ಏರ್ಪಾಡನ್ನೇ ಗಟ್ಟಿ ಮಾಡಿ ಹೋಗುತ್ತಾರೆ. ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿ ಹಾಕಿಸುತ್ತಾರೆ, ನೆಲಕ್ಕೆ ಒರಟು ಟೈಲ್ಸ್ ಹಾಕಿಸುತ್ತಾರೆ, ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ ಇಡಿಸುತ್ತಾರೆ. ಪಕ್ಕದ ಮನೆಯವರ ನಂಬರನ್ನು ತಮ್ಮ ಫೋನಿನಲ್ಲೂ, ತಮ್ಮ ನಂಬರನ್ನು ಅವರ ಫೋನಿನಲ್ಲೂ ಹಾಕಿಸುತ್ತಾರೆ. ಹಿರಿಯ ನಾಗರಿಕರ ಸಹಾಯವಾಣಿ 14567 ಅನ್ನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡುತ್ತಾರೆ.

ಈಚಿನ ವರ್ಷಗಳಲ್ಲಿ ಸರ್ಕಾರವೂ ಶಾಲಿಲ್ಲದೆ ಮನೆಗೆ ಬರಲು ಕಲಿತಿದೆ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ರುಜುವಾತು ಕೊಡಬೇಕು. ಅದಕ್ಕಾಗಿ ಬ್ಯಾಂಕಿನ ಮೆಟ್ಟಿಲ ಮೇಲೆ ಸಾಲುಗಟ್ಟಿ ಕೂರುವುದು ಮೈಸೂರಿನ ರಾಜ್ಯೋತ್ಸವದ ತಿಂಗಳ ಇನ್ನೊಂದು ಉತ್ಸವವೇ ಆಗಿತ್ತು. 2014ರಲ್ಲಿ ಬೆರಳಚ್ಚು ಕೊಟ್ಟು ಡಿಜಿಟಲ್ ಆಗಿ ಈ ರುಜುವಾತು ಸಲ್ಲಿಸುವ 'ಜೀವನ್ ಪ್ರಮಾಣ್' ಬಂತು, ಆದರೆ ಸವೆದ ಬೆರಳು ಯಂತ್ರಕ್ಕೆ ಹತ್ತುತ್ತಿರಲಿಲ್ಲ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿದರೂ ನಡೆಯುತ್ತದೆ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೌಲಭ್ಯವೂ ಇದೆ.

ಇದಕ್ಕಿಂತ ದೊಡ್ಡದು ಮನೆಯಿಂದಲೇ ಮತದಾನ. 2023ರ ಮೇ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಮತ್ತು ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇರುವವರಿಗೆ ಕರ್ನಾಟಕದಲ್ಲಿ ಮೊದಲ ಬಾರಿಗೆ ಈ ಅವಕಾಶ ಸಿಕ್ಕಿತು. ಆಗ ರಾಜ್ಯದಲ್ಲಿ 80 ದಾಟಿದ ಮತದಾರರೇ 12 ಲಕ್ಷಕ್ಕೂ ಹೆಚ್ಚು, ಅವರಲ್ಲಿ ನೂರು ದಾಟಿದವರು 16 ಸಾವಿರಕ್ಕೂ ಮಿಕ್ಕಿ. ಫಾರಂ 12ಡಿ ತುಂಬಿಕೊಟ್ಟರೆ ಚುನಾವಣಾ ಸಿಬ್ಬಂದಿ ಪೊಲೀಸ್, ವಿಡಿಯೊ ಕ್ಯಾಮೆರಾ ಸಮೇತ ಮನೆಗೆ ಬರುತ್ತಾರೆ. ನಡುಮನೆಯಲ್ಲೇ ಒಂದು ಮರೆ ಮಾಡಿ ಮತಪತ್ರ ಕೊಡುತ್ತಾರೆ. ಮಗನಾಗಲಿ ಸೊಸೆಯಾಗಲಿ ಆ ಮರೆಯೊಳಗೆ ಇಣುಕುವಂತಿಲ್ಲ. ಮನೆಯ ಯಾವ ವಿಷಯಕ್ಕೂ ತನ್ನನ್ನು ಕೇಳುವವರಿಲ್ಲ ಎಂದು ಗೊಣಗುತ್ತಿದ್ದ ಅಜ್ಜಿ, ಎಲ್ಲರನ್ನೂ ಅಡುಗೆಮನೆಗೆ ಕಳಿಸಿ ನಿಧಾನವಾಗಿ ಗುರುತು ಹಾಕುವ ಆ ಐದು ನಿಮಿಷಕ್ಕೆ ಪ್ರಜಾಪ್ರಭುತ್ವದ ಪಾಠಪುಸ್ತಕದಲ್ಲಿ ಒಂದು ಪುಟ ಕೊಡಬಹುದು. 2024ರ ಲೋಕಸಭಾ ಚುನಾವಣೆಗೆ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಿದರು. 82ರ ಮಂಡಿ ನೋವಿಗೆ ಮತಗಟ್ಟೆ ಈಗ ಮತ್ತೆ ದೂರವಾಗಿದೆ. ಮಿತಿಯನ್ನು ಕೆಳಗೆ ತರುವುದೇ ಸರಿ.

ಮನೆಗೆ ಬರುವ ಸೌಲಭ್ಯದ ಜೊತೆಗೆ ಮನೆಯಿಂದ ಹೊರಡುವ ಸೌಲಭ್ಯವೂ ಬೇಕಲ್ಲ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಶುರುವಾಗಿಲ್ಲ. ಆದರೆ 2023ರ ಜೂನ್ 11ರಂದು ಬಂದ 'ಶಕ್ತಿ' ಯೋಜನೆ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪುಕ್ಕಟೆ ಪ್ರಯಾಣ ಕೊಟ್ಟಿತು. 2025ರ ಜುಲೈ ಹೊತ್ತಿಗೆ ಇಂಥ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ಮುಟ್ಟಿತು. ಬಸ್ಸಿನ ನೂಕುನುಗ್ಗಲು, ನಿಗಮಗಳ ಸಾಲ, ಗಂಡಸರ ಗೊಣಗಾಟ ಎಲ್ಲದರ ಬಗ್ಗೆಯೂ ಬೇಕಾದಷ್ಟು ಚರ್ಚೆಯಾಗಿದೆ. ಭೇಟಿಯ ದಿಕ್ಕು ತಿರುಗಿದ್ದನ್ನು ಗಮನಿಸಿದವರು ಕಡಿಮೆ. ಮಗ ಬರಲಿ ಎಂದು ಕಾಯುತ್ತಿದ್ದ ತಾಯಂದಿರು ಈಗ ತಾವೇ ಆಧಾರ್ ಕಾರ್ಡು ಸೆರಗಿನ ಗಂಟಿಗೆ ಕಟ್ಟಿಕೊಂಡು ಹೊರಡುತ್ತಾರೆ. ಹುಣಸೂರಿನಲ್ಲಿ ತಂಗಿ, ಹಾಸನದಲ್ಲಿ ಮಗಳು, ಬೆಂಗಳೂರಿನಲ್ಲಿ ಮೊಮ್ಮಗ. ಬಸ್ ಖರ್ಚಿಗೆ ಗಂಡನನ್ನಾಗಲಿ ಮಗನನ್ನಾಗಲಿ ಕೈಚಾಚಿ ಕೇಳಬೇಕಾಗಿಲ್ಲ. ಬೆಳಿಗ್ಗೆ ಏಳರ ಹೊತ್ತಿಗೆ ಸಬರ್ಬನ್ ಬಸ್ ನಿಲ್ದಾಣದಲ್ಲಿ ಇಂಥ ಅಜ್ಜಿಯರು ಕೈಚೀಲದ ಮೇಲೆ ಟವೆಲ್ ಮುಚ್ಚಿಕೊಂಡು ಕೂತಿರುವುದು ಈಗ ದಿನದ ನೋಟ.

'ಅಮ್ಮ, ಕೆಂಪು ಬಸ್ಸಲ್ಲಿ ಯಾಕೆ ಒದ್ದಾಡ್ತೀಯ, ಕ್ಯಾಬ್ ಕಳಿಸ್ತೀನಿ ಇರು' ಎಂದು ಮಗ ಫೋನಿನಲ್ಲಿ ಹೇಳುತ್ತಾನೆ. 'ಬಸ್ಸು ರಾಮನಗರ ದಾಟಿ ಆಯ್ತು ಕಣೋ. ನೀನು ಅನ್ನಕ್ಕೆ ಇಡಿಸು' ಎಂದು ಅತ್ತಲಿಂದ ಉತ್ತರ.